ನನ್ನ ಹಾಲುಹಲ್ಲು ಇನ್ನೂ ಬಿದ್ದಿಲ್ಲ

ನಂಗೀಗ 28 ವರ್ಷ. ಎಂಜಿನಿಯರಿಂಗ್ ಮುಗಿಸಿ ಆರು ವರ್ಷ ಆಯ್ತು, ತಿಂಗಳು ತಿಂಗಳು ಪಿಎಫ್ ಕಟ್ ಆಗುತ್ತೆ, ಬೈಕಿನ ಸಾಲ ತೀರಿದೆ, ಮನೇಲಿ ಜಾತಕದ ಪ್ರತಿಗಳು ಕೈಯಿಂದ ಕೈಗೆ ಓಡಾಡ್ತಾ ಇವೆ. ಇಷ್ಟೆಲ್ಲ ಆದಮೇಲೂ ನನ್ನ ಬಾಯಲ್ಲಿ ಒಂದು ಹಾಲುಹಲ್ಲು ಕೂತಿದೆಯಂತೆ! ಎಡಗಡೆ ಕೆಳದವಡೆ, ಕೋರೆಹಲ್ಲಿನಿಂದ ಹಿಂದಕ್ಕೆ ಎಣಿಸಿದ್ರೆ ಎರಡನೆಯದು.

ಗೊತ್ತಾಗಿದ್ದು ಹೋದ ತಿಂಗಳು. ಬಲಗಡೆ ಹಲ್ಲಲ್ಲಿ ನೋವು ಅಂತ ಹೋಗಿದ್ದೆ. ಡಾಕ್ಟರು ಇಡೀ ಬಾಯಿಯ ಎಕ್ಸ್‌ರೇ ತೆಗೆಸಿ, ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತು, "ನಿಮ್ಗೆ ಎಷ್ಟು ವರ್ಷ ಅಂದ್ರಿ?" ಅಂದ್ರು. "ಫಾರ್ಮಲ್ಲಿ ಬರ್ದಿದೀನಲ್ಲ ಮೇಡಂ, 28." ಅವರು ಇನ್ನೊಂದ್ಸಲ ಪರದೆ ನೋಡಿದ್ರು. ಆಮೇಲೆ ಬೆರಳಿಟ್ಟು ತೋರಿಸಿದ್ರು. ಉಳಿದ ಹಲ್ಲುಗಳ ನಡುವೆ ಒಂದು ಮಾತ್ರ ಗಿಡ್ಡ, ಅಗಲ, ಕಾಲು ಕವಚಿಕೊಂಡು ಕೂತ ಹಾಗೆ ಬೇರು. ಅದರ ಕೆಳಗೆ ಇರಬೇಕಾಗಿದ್ದ ಹಲ್ಲು ಹುಟ್ಟೇ ಇಲ್ಲ. ಅಲ್ಲಿ ಖಾಲಿ ಮೂಳೆ ಅಷ್ಟೆ. ಹತ್ತರಿಂದ ಹನ್ನೆರಡು ವರ್ಷದೊಳಗೆ ಬಿದ್ದು ಹೋಗಬೇಕಾಗಿದ್ದ ಹಲ್ಲಿದು, ಹದಿನಾರು ವರ್ಷ ಜಾಸ್ತಿ ಡ್ಯೂಟಿ ಮಾಡಿದೆ. ನಮ್ಮ ಆಫೀಸಲ್ಲೂ ಹೀಗೇ, 'ಎರಡು ವಾರದ ಮಟ್ಟಿಗೆ ಇರ್ಲಿ' ಅಂತ ಯಾರೋ ಬರೆದಿಟ್ಟು ಹೋದ ಕೋಡು ವರ್ಷಗಟ್ಟಲೆ ಪ್ರೊಡಕ್ಷನ್ನಲ್ಲಿ ಓಡ್ತಾ ಇರುತ್ತೆ, ಯಾರಿಗೂ ಅದನ್ನ ಮುಟ್ಟೋ ಧೈರ್ಯ ಇರಲ್ಲ :)

ಡಾಕ್ಟರು ಹೇಳಿದ್ದು, ಅದನ್ನ ಕಿತ್ತು ಇಂಪ್ಲಾಂಟ್ ಹಾಕಿಸ್ಕೊಳ್ಳಿ ಅಂತ. ಹೇಳಿದ ಮೊತ್ತ ಕೇಳಿ ಬಲಗಡೆ ನೋವೇ ಮರೆತುಹೋಯ್ತು. ಇನ್ನೊಬ್ಬರ ಹತ್ರ ತೋರಿಸಿದೆ. ಅವರು ವಯಸ್ಸಾದವರು, ಕನ್ನಡಿ ಹಾಕಿ ನೋಡಿ, ಚೂರು ತಟ್ಟಿ, ಅಲ್ಲಾಡಿಸಿ, "ಗಟ್ಟಿಯಾಗಿದೆ, ಪಕ್ಕದ ಹಲ್ಲಿನ ಸಮಕ್ಕೇ ಇದೆ, ಕೆಳಗೆ ಕುಸಿದಿಲ್ಲ. ಯಾಕ್ರೀ ಕೀಳಬೇಕು? ಚೆನ್ನಾಗಿ ತೊಳ್ಕೊಳ್ಳಿ, ವರ್ಷಕ್ಕೊಂದ್ಸಲ ಬಂದು ತೋರಿಸಿ" ಅಂದ್ರು. ಇಪ್ಪತ್ತು ದಾಟಿದ ಮೇಲೂ ಬೇರು ಉಳಿದಿದ್ರೆ ಇಂಥ ಹಲ್ಲು ನಲವತ್ತರವರೆಗೆ, ಕೆಲವರಲ್ಲಿ ಅದಕ್ಕೂ ಮುಂದೆ ಬಾಳುತ್ತಂತೆ. ಅಮ್ಮನಿಗೆ ಹೇಳಿದ್ರೆ ಅವಳ ಚಿಂತೆಯೇ ಬೇರೆ. "ಹೆಣ್ಣಿನ ಕಡೆಯೋರಿಗೆ ಇದನ್ನೆಲ್ಲ ಹೇಳ್ಕೊಂಡು ಕೂತ್ಕೋಬೇಡ" ಅಂದ್ಲು.

ಆದ್ರೆ ನನ್ನ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಉಳಿದವೆಲ್ಲ ಬಿದ್ದವು, ಇದೊಂದು ಯಾಕೆ ಬೀಳಲಿಲ್ಲ? ಹಾಗೆ ನೋಡಿದ್ರೆ, ಉಳಿದವಾದ್ರೂ ಯಾಕೆ ಬಿದ್ದವು? ಒಳ್ಳೆ ಹಲ್ಲು ಕೊಟ್ಟು, ನಾಲ್ಕೈದು ವರ್ಷ ಬಳಸೋಕೆ ಬಿಟ್ಟು, ಕಿತ್ಕೊಂಡು ಬೇರೆ ಕೊಡೋದು ಯಾವ ಸೀಮೆ ಡಿಸೈನು? ರಾತ್ರಿ ಎಲ್ಲ ಕೂತು ಓದಿದ್ದನ್ನ ಇಲ್ಲಿ ಹಾಕ್ತಿದೀನಿ, ದಂತವೈದ್ಯರು ಯಾರಾದ್ರೂ ಓದ್ತಿದ್ರೆ ಸಹಿಸಿಕೊಳ್ಳಿ.

ಬಿದ್ದ ಹಾಲುಹಲ್ಲನ್ನ ಅಂಗೈಯಲ್ಲಿ ಇಟ್ಟುಕೊಂಡು ನೋಡಿದವರಿಗೆ ಹಾಲುಹಲ್ಲಿಗೆ ಬೇರೇ ಇಲ್ಲ ಅನ್ನಿಸುತ್ತೆ. ಇರುತ್ತೆ, ಉದ್ದಕ್ಕೇ ಇರುತ್ತೆ. ಬೀಳೋ ಹೊತ್ತಿಗೆ ಅದು ಕರಗಿ ಹೋಗಿರುತ್ತೆ ಅಷ್ಟೆ. ಹೊಸ ಹಲ್ಲು ಕೆಳಗಿನಿಂದ ಮೇಲೆ ಬರ್ತಾ, ಅದರ ಸುತ್ತಲಿನ ಚೀಲದಿಂದ ಸೂಚನೆ ಹೋಗುತ್ತೆ. ಮೂಳೆಯನ್ನು ಕರಗಿಸೋ ಜೀವಕೋಶಗಳ ದಾಯಾದಿಗಳಂಥವು ಬಂದು ಹಳೆ ಹಲ್ಲಿನ ಬೇರನ್ನ ಕೆಳಗಿನಿಂದ ತಿನ್ನೋಕೆ ಶುರುಮಾಡ್ತವೆ. ಅವುಗಳ ಹೆಸರು ಓಡೊಂಟೊಕ್ಲಾಸ್ಟ್. ಒಂದೇ ಸಮನೆ ತಿನ್ನಲ್ಲ, ಸ್ವಲ್ಪ ದಿನ ತಿಂದು ಸ್ವಲ್ಪ ದಿನ ಸುಮ್ಮನಾಗ್ತವೆ, ಆಗ ಅಲ್ಪಸ್ವಲ್ಪ ರಿಪೇರಿಯೂ ನಡೆಯುತ್ತೆ. ಮಕ್ಕಳ ಹಲ್ಲು ಒಂದು ವಾರ ಅಲ್ಲಾಡಿ, ಮತ್ತೆ ಗಟ್ಟಿಯಾಗಿ, ಮತ್ತೆ ಅಲ್ಲಾಡೋದು ಇದಕ್ಕೇ. ಕೊನೆಗೆ ಬೇರು ಪೂರ್ತಿ ಕರಗಿ, ಮೇಲಿನ ಟೋಪಿ ಮಾತ್ರ ಒಸಡಿಗೆ ಅಂಟಿಕೊಂಡಿರುತ್ತೆ. ಜೋಳದ ರೊಟ್ಟಿಯೋ ಸೀಬೇಕಾಯೋ ಕಚ್ಚಿದಾಗ ಕೈಗೆ ಬರುತ್ತೆ.

ನನ್ನ ಕೇಸಲ್ಲಿ ಕೆಳಗೆ ಯಾರೂ ಇರಲಿಲ್ಲ. ಸೂಚನೆ ಕೊಡೋರು ಇಲ್ಲ, ಹಾಗಾಗಿ ಬೇರು ಉಳೀತು. ಹಲ್ಲೇ ಹುಟ್ಟದಿರೋದು ಅಂಥ ವಿಚಿತ್ರವೇನೂ ಅಲ್ಲ. ಬುದ್ಧಿಹಲ್ಲು ಎಷ್ಟೋ ಜನಕ್ಕೆ ಹುಟ್ಟೋದೇ ಇಲ್ಲ. ಅದನ್ನ ಬಿಟ್ಟರೆ ಹೆಚ್ಚಾಗಿ ತಪ್ಪಿಸ್ಕೊಳ್ಳೋ ಹಲ್ಲುಗಳಲ್ಲಿ ನನ್ನ ಈ ಕೆಳದವಡೆಯದ್ದೂ ಒಂದು.

ಇನ್ನು ಯಾಕೆ ಎರಡು ಸೆಟ್ಟು ಅನ್ನೋದು. ಉಗುರು ಬೆಳೆಯುತ್ತೆ, ಮೂಳೆ ಬೆಳೆಯುತ್ತೆ, ಹಲ್ಲು ಯಾಕೆ ನಮ್ಮ ಜೊತೆ ಬೆಳೆಯಲ್ಲ? ಇದಕ್ಕೆ ಉತ್ತರ ಎನಾಮೆಲ್‌ನಲ್ಲಿದೆ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ, ತೂಕದಲ್ಲಿ ಸುಮಾರು 96 ಪಾಲು ಬರೀ ಖನಿಜ. ಹಲ್ಲು ಒಸಡಿನ ಒಳಗಿರೋವಾಗಲೇ ಒಂದು ಸಾಲು ಜೀವಕೋಶಗಳು ಅದರ ಮೇಲೆ ನಿಂತು ಪದರ ಪದರವಾಗಿ ಎನಾಮೆಲ್ ಹಾಕ್ತಾ ಹೋಗ್ತವೆ. ಹಲ್ಲು ಹೊರಗೆ ಬರೋ ಹೊತ್ತಿಗೆ ಆ ಕೋಶಗಳು ಸತ್ತು ಹೋಗಿರ್ತವೆ. ಗಾರೆ ಕೆಲಸದವರು ಕೆಲಸ ಮುಗಿಸಿ, ಸಾಮಾನು ಕಟ್ಟಿಕೊಂಡು, ಊರನ್ನೇ ಬಿಟ್ಟು ಹೋದ ಹಾಗೆ. ಆಮೇಲೆ ಗೋಡೆ ಬಿರುಕು ಬಿಟ್ಟರೂ ಹಚ್ಚೋರಿಲ್ಲ, ಮನೆ ಸಣ್ಣದಾಯ್ತು ಅಂದ್ರೂ ದೊಡ್ಡದು ಮಾಡೋರಿಲ್ಲ. ಅಂದ್ರೆ ಹಲ್ಲು ಹುಟ್ಟಿದಾಗ ಎಷ್ಟಿತ್ತೋ ಸಾಯೋವರೆಗೂ ಅಷ್ಟೇ, ಸವೆಯಬಹುದು, ಬೆಳೆಯೋ ಹಾಗಿಲ್ಲ.

ಆದ್ರೆ ದವಡೆ ಬೆಳೀತಾನೇ ಇರುತ್ತೆ. ಎರಡು ವರ್ಷದ ಮಗುವಿನ ಬಾಯಿಗೆ ದೊಡ್ಡವರ ಹಲ್ಲು ಹಿಡಿಯಲ್ಲ. ಅದೇ ಪುಟ್ಟ ಹಲ್ಲುಗಳನ್ನ ಇಪ್ಪತ್ತು ವರ್ಷದವನ ಬಾಯಲ್ಲಿ ಕಲ್ಪಿಸಿಕೊಳ್ಳಿ, ಒಂದಕ್ಕೊಂದು ಮುಟ್ಟದೆ ಬೇಲಿಗೂಟ ನೆಟ್ಟ ಹಾಗಿರ್ತಿತ್ತು. ಅದಕ್ಕೇ ಮೊದಲು 20, ಆಮೇಲೆ 32. ಹಾಲುಹಲ್ಲು ಸುಮಾರು ಆರು ತಿಂಗಳಿಗೆ ಶುರುವಾಗಿ ಎರಡೂವರೆ-ಮೂರು ವರ್ಷಕ್ಕೆ ಮುಗಿಯುತ್ತೆ. ಆರು ವರ್ಷದಿಂದ ಹನ್ನೆರಡರವರೆಗೆ ಒಂದೊಂದೇ ಉದುರಿ ಆ ಇಪ್ಪತ್ತೂ ಬದಲಾಗ್ತವೆ. ಉಳಿದ 12 ಯಾರ ಜಾಗಕ್ಕೂ ಬರೋದಲ್ಲ, ಉದ್ದವಾದ ದವಡೆಯ ಹಿಂದಿನ ಹೊಸ ಜಾಗದಲ್ಲಿ ಬರೋ ದೊಡ್ಡ ದವಡೆಹಲ್ಲುಗಳು. ಹೊಸ ಲೇಔಟ್ ಸೈಟು ಅಂತ ಇಟ್ಕೊಳ್ಳಿ.

ಹಾಗಾದ್ರೆ ಎರಡೇ ಯಾಕೆ, ಮೂರನೇ ಸೆಟ್ಟು ಯಾಕಿಲ್ಲ? ಮೊಸಳೆಗೆ ಒಂದೊಂದು ಹಲ್ಲಿನ ಜಾಗದಲ್ಲೂ ಜೀವಮಾನದಲ್ಲಿ 50 ಸಲದವರೆಗೂ ಹೊಸದು ಬರಬಹುದು. ಶಾರ್ಕಿಗೆ ಸಾಲುಸಾಲಾಗಿ ಹಿಂದಿನಿಂದ ಬರ್ತಾನೇ ಇರ್ತವೆ. ಅವಕ್ಕಿಲ್ಲದ ದರಿದ್ರ ನಮಗ್ಯಾಕೆ? ನಂಗೆ ಸರಿ ಅನ್ನಿಸಿದ ವಿವರಣೆ ಹೀಗಿದೆ. ಮೊಸಳೆ ಅಗಿಯಲ್ಲ, ಹಿಡಿಯುತ್ತೆ, ಹರಿಯುತ್ತೆ, ನುಂಗುತ್ತೆ. ಹಿಡಿಯೋಕೆ ಯಾವ ಹಲ್ಲಾದ್ರೂ ಆದೀತು, ನಡುವೆ ಎರಡು ಇಲ್ಲದಿದ್ರೂ ನಡೆದೀತು. ನಾವು ಅಗಿಯೋರು. ಮೇಲಿನ ದವಡೆಹಲ್ಲಿನ ಉಬ್ಬು ಕೆಳಗಿನದರ ತಗ್ಗಿಗೆ ಬೀಸೋಕಲ್ಲಿನ ಎರಡು ಹೋಳಿನ ಹಾಗೆ ಕೂಡಬೇಕು. ಪದೇ ಪದೇ ಬಿದ್ದು ಹುಟ್ಟೋ ಹಲ್ಲುಗಳಿಂದ ಆ ಜೋಡಣೆ ಸಾಧ್ಯವಿಲ್ಲ. ಅದರ ಜೊತೆಗೆ ಹಾಲು. ಹುಟ್ಟಿದ ಮರಿ ಹಾಲು ಕುಡಿದು ಬೆಳೆಯೋದಾದ್ರೆ ಮೊದಲ ತಿಂಗಳುಗಳಲ್ಲಿ ಹಲ್ಲೇ ಬೇಕಿಲ್ಲ, ಅಷ್ಟರಲ್ಲಿ ದವಡೆ ಒಂದಷ್ಟು ಬೆಳೆದಿರುತ್ತೆ. ಆಮೇಲೆ ಒಂದು ಸಲ ಬದಲಾಯಿಸಿದ್ರೆ ಸಾಕು. ಬ್ರೆಜಿಲ್‌ನಲ್ಲಿ ಸಿಕ್ಕ ಬ್ರಾಸಿಲೊಡಾನ್ ಅನ್ನೋ ಪುಟ್ಟ ಪ್ರಾಣಿಯ ಪಳೆಯುಳಿಕೆಯಲ್ಲೂ ಈ ಎರಡೇ ಸೆಟ್ಟಿನ ಗುರುತು ಇದೆ ಅಂತ 2022ರಲ್ಲಿ ವಿಜ್ಞಾನಿಗಳು ಬರೆದರು. ಅದರ ಕಾಲ ಸುಮಾರು 22.5 ಕೋಟಿ ವರ್ಷ ಹಿಂದೆ! ಹಾಲುಹಲ್ಲು ಅನ್ನೋ ಹೆಸರು ಇಟ್ಟೋರು ಯಾರೋ, ವಿಷಯದ ಬುಡಕ್ಕೇ ಕೈ ಹಾಕಿದಾರೆ.

ಇದರಲ್ಲೂ ಚಿತ್ರವಿಚಿತ್ರ ಒಳದಾರಿಗಳಿವೆ. ಇಲಿಗೆ ಹಾಲುಹಲ್ಲೇ ಇಲ್ಲ, ಒಂದೇ ಸೆಟ್ಟು, ಆದ್ರೆ ಮುಂದಿನ ಹಲ್ಲು ಸಾಯೋತನಕ ಬೆಳೀತಾ ಇರುತ್ತೆ. ಆನೆಯ ದವಡೆಹಲ್ಲು ಕೆಳಗಿನಿಂದ ಮೇಲೆ ಬರಲ್ಲ, ಹಿಂದಿನಿಂದ ಮುಂದಕ್ಕೆ ಜಾರಿಕೊಂಡು ಬರುತ್ತೆ, ಜೀವಮಾನದಲ್ಲಿ ಆರು ಸಲ. ಆರನೆಯದೂ ಸವೆದರೆ ಮುಗೀತು, ಸುತ್ತ ಮೇವಿದ್ದರೂ ಅಗಿಯೋಕಾಗದೆ ಆನೆ ಸೊರಗುತ್ತೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ನಮ್ಮ ಗಾದೆ ಆನೆಗೂ ಹೊಂದುತ್ತೆ.

ಇಷ್ಟು ಓದೋ ಹೊತ್ತಿಗೆ ನಂಗೆ ತಾತ ನೆನಪಾದ್ರು. ತಾತ ಓದಿದ್ದು ಮೂರನೇ ಕ್ಲಾಸು. ಆದ್ರೆ ಹಲ್ಲಿನ ವಿಷಯದಲ್ಲಿ ನಾನು ರಾತ್ರಿಯೆಲ್ಲ ಓದಿದ್ದರಲ್ಲಿ ಅರ್ಧ ಅವರಿಗೆ ಗೊತ್ತಿತ್ತು. ನಮ್ಮದು ತಿಪಟೂರು ಕಡೆ. ಶಿವರಾತ್ರಿ ಹೊತ್ತಿಗೆ ಸಿದ್ದಗಂಗೆ ದನದ ಜಾತ್ರೆಗೆ ಅವರ ಜೊತೆ ಹೋಗ್ತಿದ್ದೆ. ತಾತ ಹೋರಿಯ ಮೈ, ಕೊಂಬು, ಬಾಲ, ಸುಳಿ ಎಲ್ಲ ನೋಡಿ, ಕೊನೆಗೆ ಎಡಗೈಲಿ ಮೂಗುದಾರ ಹಿಡಿದು ಬಲಗೈಲಿ ಕೆಳದುಟಿ ಬಿಡಿಸೋರು. ಒಂದು ಕ್ಷಣ ಅಷ್ಟೆ. "ನಾಲ್ಕಲ್ಲು" ಅನ್ನೋರು. ಮಾರೋನು "ಇಲ್ಲ ಗೌಡ್ರೇ, ಈಗಷ್ಟೇ ಎರಡಲ್ಲು" ಅಂದ್ರೆ ತಾತ ಮಾತಾಡದೆ ಮುಂದಿನ ಗುಂಪಿಗೆ ನಡೆಯೋರು.

ದನಕ್ಕೆ ಮೇಲ್ಗಡೆ ಮುಂದಿನ ಹಲ್ಲಿಲ್ಲ, ಬರೀ ಗಟ್ಟಿ ಒಸಡು. ಕೆಳಗೆ ಎಂಟು. ಕರುವಿನ ಎಂಟೂ ಹಾಲಲ್ಲು. ಸುಮಾರು ಎರಡು-ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಜೋಡಿ ಬಂದ್ರೆ ಎರಡಲ್ಲು. ಆಮೇಲೆ ಅದರ ಎರಡೂ ಪಕ್ಕ ಬದಲಾದ್ರೆ ನಾಲ್ಕಲ್ಲು, ಆಮೇಲೆ ಆರಲ್ಲು. ನಾಲ್ಕು-ಐದು ವರ್ಷದ ಹೊತ್ತಿಗೆ ಎಂಟೂ ಆದ್ರೆ ಬಾಯಿಗೂಡಿದ ಎತ್ತು. ಇವತ್ತಿಗೂ ಜಾತ್ರೆಗಳಲ್ಲಿ ರಾಸುಗಳಿಗೆ ಬಹುಮಾನ ಕೊಡೋವಾಗ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಅಂತಲೇ ವಿಭಾಗ ಮಾಡ್ತಾರೆ. ದನಕ್ಕೆ ಜನ್ಮದಾಖಲೆ ಇಲ್ಲ, ಮಾರೋನ ಮಾತು ನಂಬೋ ಹಾಗಿಲ್ಲ. ಹಲ್ಲು ಮಾತ್ರ ಸುಳ್ಳು ಹೇಳಲ್ಲ.

ಮನುಷ್ಯರ ಮಕ್ಕಳನ್ನೂ ಹೀಗೆ ಬಾಯಿ ಬಿಡಿಸಿ ನೋಡಿದ್ದರು ಅಂತ ಓದಿದಾಗ ಮಾತ್ರ ಕಸಿವಿಸಿ ಆಯ್ತು. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾಯಿದೆ ಬಂದಾಗ ಒಂಬತ್ತು ವರ್ಷದೊಳಗಿನ ಮಕ್ಕಳನ್ನ ಬಟ್ಟೆ ಗಿರಣಿಯಲ್ಲಿ ದುಡಿಸೋ ಹಾಗಿಲ್ಲ ಅಂತಾಯ್ತು. ರೇಷ್ಮೆ ಗಿರಣಿಗೆ ಮಾತ್ರ ವಿನಾಯಿತಿ ಇತ್ತು. ಒಂಬತ್ತರಿಂದ ಹದಿಮೂರರೊಳಗಿನವರಿಗೆ ವಾರಕ್ಕೆ 48 ಗಂಟೆ ಮಿತಿ. (ಹೌದು, ಅದು ಕಡಿಮೆ ಮಾಡಿದ ಮೇಲಿನ ಲೆಕ್ಕ. ನಮ್ಮ ಆಫೀಸಲ್ಲಿ ಕೂಗಾಡೋರು ಸ್ವಲ್ಪ ಗಮನಿಸಿ.) ಆದ್ರೆ ಯಾವ ಮಗುವಿಗೆ ಎಷ್ಟು ವಯಸ್ಸು ಅಂತ ಹೇಳೋರ್ಯಾರು? ಅಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದೇ 1837ರಲ್ಲಿ. ಅಪ್ಪ ಅಮ್ಮನಿಗೆ ಆ ನಾಲ್ಕು ಕಾಸು ಬೇಕು, ಮಾಲೀಕನಿಗೆ ಸಣ್ಣ ಕೈಗಳು ಬೇಕು. ಹಾಗಾಗಿ ಏಳು ವರ್ಷದ ಮಗುವನ್ನ ಒಂಬತ್ತು ಅಂದುಬಿಡೋದು ಸುಲಭ. ಎತ್ತರ ನೋಡಿ ತೀರ್ಮಾನಿಸೋಕೆ ಹೋದ್ರು, ಹೊಟ್ಟೆಗಿಲ್ಲದ ಮಕ್ಕಳ ಎತ್ತರ ಏನು ಹೇಳೀತು? ಆಗ ಎಡ್ವಿನ್ ಸಾಂಡರ್ಸ್ ಅನ್ನೋ ದಂತವೈದ್ಯ ಸುಮಾರು ಸಾವಿರ ಮಕ್ಕಳ ಬಾಯಿ ನೋಡಿ, ವಯಸ್ಸಿಗೆ ಹಲ್ಲೇ ಒಳ್ಳೆ ಸಾಕ್ಷಿ ಅಂತ 1837ರಲ್ಲಿ ಒಂದು ಪುಸ್ತಿಕೆ ಬರೆದು ಸಂಸತ್ತಿನ ಮುಂದಿಟ್ಟ. ಯಾವ ಹಾಲುಹಲ್ಲು ಬಿದ್ದಿದೆ, ಯಾವ ಹೊಸದು ಬಂದಿದೆ ಅನ್ನೋದರ ಮೇಲೆ ಒಂದು ಮಗು ಇವತ್ತು ಗಿರಣಿಗೆ ಹೋಗುತ್ತೋ ಮನೆಗೆ ಹೋಗುತ್ತೋ ಅನ್ನೋದು ನಿಂತಿತ್ತು. ತಾತ ಹೋರಿಯ ತುಟಿ ಬಿಡಿಸ್ತಿದ್ದ ಹಾಗೇ. ಆದ್ರೆ ಇಲ್ಲಿ ಬಾಯಿ ಬಿಡಿಸಿದ್ದು ಮಗುವಿಗೆ ಒಳ್ಳೇದಾಗಲಿ ಅಂತ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ನಂಗೆ ಮನಸ್ಸಾಗ್ತಿಲ್ಲ.

ಬಿದ್ದ ಹಲ್ಲಿನ ಇನ್ನೊಂದು ಕಥೆ ಅಮೆರಿಕದ ಸೇಂಟ್ ಲೂಯಿಸ್ ಊರಿನದು. 1950ರ ದಶಕದಲ್ಲಿ ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡ್ತಿದ್ದ ಕಾಲ. ಅದರಿಂದ ಹಾರಿದ ಸ್ಟ್ರಾನ್ಷಿಯಂ-90 ಮಳೆಯಲ್ಲಿ ಹುಲ್ಲಿಗೆ ಬಿದ್ದು, ಹಸುವಿನ ಹೊಟ್ಟೆಗೆ ಹೋಗಿ, ಹಾಲಿಗೆ ಬರ್ತಿತ್ತು. ಅದು ಕ್ಯಾಲ್ಸಿಯಂನ ಹಾಗೇ ವರ್ತಿಸೋದ್ರಿಂದ ಮಕ್ಕಳ ಮೂಳೆ, ಹಲ್ಲಿಗೆ ಸೇರಿಕೊಳ್ಳುತ್ತೆ. ಸೇರಿದೆ ಅಂತ ಸಾಬೀತು ಮಾಡೋದು ಹೇಗೆ, ಬದುಕಿರೋ ಮಕ್ಕಳ ಮೂಳೆ ಕೇಳೋಕಾಗುತ್ತಾ? ಮಕ್ಕಳು ತಾವಾಗೇ ಉದುರಿಸೋ ಹಲ್ಲು ಕೇಳಬಹುದಲ್ಲ! 1958ರ ಕೊನೆಯಲ್ಲಿ ಶುರುವಾದ ಸಂಗ್ರಹ 1970ರವರೆಗೆ ನಡೆದು ಸುಮಾರು ಮೂರು ಲಕ್ಷ ಹಾಲುಹಲ್ಲು ಸೇರಿದವು. ಹಲ್ಲು ಕಳಿಸಿದ ಮಗುವಿಗೆ 'ನನ್ನ ಹಲ್ಲನ್ನ ವಿಜ್ಞಾನಕ್ಕೆ ಕೊಟ್ಟೆ' ಅನ್ನೋ ಬ್ಯಾಡ್ಜು. ಇದನ್ನ ನಡೆಸಿದ ಡಾಕ್ಟರ್ ಲೂಯಿಸ್ ರೈಸ್ 1961ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 50ರ ದಶಕದಲ್ಲಿ ತಡವಾಗಿ ಹುಟ್ಟಿದಷ್ಟೂ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಜಾಸ್ತಿ. 1963ರಲ್ಲಿ ಬಯಲಿನ ಪರೀಕ್ಷೆಗಳನ್ನ ನಿಲ್ಲಿಸೋ ಒಪ್ಪಂದಕ್ಕೆ ಅಮೆರಿಕ, ಬ್ರಿಟನ್, ರಷ್ಯಾ ಸಹಿ ಹಾಕಿದವು. ಆ ವಾದಕ್ಕೆ ಈ ಪುಟ್ಟ ಹಲ್ಲುಗಳೂ ಬಲ ಕೊಟ್ಟಿದ್ವು. ಬಳಸದೆ ಉಳಿದಿದ್ದ 85,000 ಹಲ್ಲುಗಳು 2001ರಲ್ಲಿ ಹಳೆ ಮದ್ದುಗುಂಡಿನ ಬಂಕರ್ ಒಂದರಲ್ಲಿ ಸಿಕ್ಕವಂತೆ, ಪ್ರತಿಯೊಂದರ ಜೊತೆಗೂ ಮಗುವಿನ ವಿವರದ ಚೀಟಿ. ಇದನ್ನ ಓದಿ ರಾತ್ರಿ ಎರಡು ಗಂಟೆಗೆ ಸುಮ್ನೆ ಕೂತಿದ್ದೆ.

ಸರಿ, ನನ್ನ ಹಲ್ಲು. ಕೀಳಿಸಲ್ಲ ಅಂತ ತೀರ್ಮಾನ ಮಾಡಿದೀನಿ. ಜಪಾನಿನಲ್ಲಿ ಹುಟ್ಟದೇ ಉಳಿದ ಹಲ್ಲನ್ನ ಮತ್ತೆ ಬೆಳೆಸೋ ಔಷಧಿಯನ್ನ 2024ರಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಇಳಿಸಿದಾರೆ. ಹಲ್ಲಿನ ಬೆಳವಣಿಗೆಗೆ ತಡೆ ಹಾಕೋ ಒಂದು ಪ್ರೋಟೀನನ್ನ ಕಟ್ಟಿಹಾಕೋದು ಅದರ ಉಪಾಯ. ಮೊದಲ ಹಂತ ಸುರಕ್ಷತೆ ನೋಡೋಕೆ ಮಾತ್ರ. ಅದು ನನ್ನ ಕಾಲಕ್ಕೆ ಆಗುತ್ತೋ ಇಲ್ವೋ, ಹಾಲುಹಲ್ಲಂತೂ ಕಾಯೋದರಲ್ಲಿ ನುರಿತಿದೆ.

ಆದ್ರೆ ಅಕ್ಕನಿಗೆ ಭಯ ಹುಟ್ಟಿದೆ. ಹಲ್ಲು ಹುಟ್ಟದಿರೋದು ವಂಶದಲ್ಲಿ ಹರಿದು ಬರಬಹುದು, ಅದಕ್ಕೆ ಕಾರಣವಾಗೋ ಒಂದೆರಡು ಜೀನುಗಳು ಗೊತ್ತಾಗಿವೆ ಅಂತ ನಾನೇ ಬಾಯಿಬಿಟ್ಟೆ. ಅವಳ ಮಗಳಿಗೆ ಆರೂವರೆ ವರ್ಷ. ಮಗೂನ ಕೂರಿಸಿಕೊಂಡು ಟಾರ್ಚ್ ಹಾಕಿ ನೋಡಿದ್ದೇ ನೋಡಿದ್ದು. ಹೊರಗಿನಿಂದ ಅದೆಲ್ಲ ಕಾಣಲ್ಲ, ಅದಕ್ಕೆ ಎಕ್ಸ್‌ರೇ ಬೇಕು, ಡಾಕ್ಟರು ಬೇರೆ ಕಾರಣ ಬಂದಾಗ ತೆಗೆಯೋಣ, ಈಗ್ಲೇ ಆತುರ ಬೇಡ ಅಂದಿದಾರೆ. ಟಾರ್ಚಿನಿಂದ ಒಂದು ಉಪಕಾರ ಆಯ್ತು. ಹಿಂದುಗಡೆ, ಹಾಲುಹಲ್ಲೆಲ್ಲ ಮುಗಿದ ಮೇಲೆ, ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಬಂದಿತ್ತು. ಆರು ವರ್ಷಕ್ಕೆ ಬರೋದು ಅದು. ಏನೂ ಬೀಳದೆ ಬರೋದ್ರಿಂದ ಯಾರಿಗೂ ಗೊತ್ತೇ ಆಗಲ್ಲ, ಇದೂ ಹಾಲುಹಲ್ಲೇ, ಹುಳುಕಾದ್ರೆ ಬೀಳುತ್ತೆ ಬಿಡು ಅಂತ ಎಷ್ಟೋ ಮನೆಯಲ್ಲಿ ಬಿಟ್ಟುಬಿಡ್ತಾರೆ. ಅದು ಎಂಬತ್ತು ವರ್ಷದವರೆಗೆ ಬೇಕಾದ ಹಲ್ಲು. ಮನೇಲಿ ಆ ವಯಸ್ಸಿನ ಮಕ್ಕಳಿದ್ರೆ ಇವತ್ತೇ ನೋಡಿ. ಹಾಗೆಯೇ ಹೇಗೂ ಬೀಳೋ ಹಲ್ಲು ಅಂತ ಹಾಲುಹಲ್ಲಿನ ಹುಳುಕನ್ನೂ ಬಿಡಬೇಡಿ. ಅದು ಅವಧಿಗೆ ಮುಂಚೆ ಹೋದ್ರೆ ಪಕ್ಕದವು ಜಾಗಕ್ಕೆ ಒರಗಿ, ಹೊಸದು ಬರೋಕೆ ದಾರಿ ಇಲ್ಲದೆ ಸೊಟ್ಟ ಬರುತ್ತೆ.

ಮಗುವಿನ ಮೊದಲ ಹಲ್ಲು ಬಿದ್ದಿದ್ದು ಹೋದ ಭಾನುವಾರ, ಕೆಳಗಿನ ಬಾಚಿಹಲ್ಲು. ಚಕ್ಕುಲಿ ಕಚ್ಚಿದ್ಲು, ಬಂತು. ರಕ್ತ ನೋಡಿ ಎರಡು ನಿಮಿಷ ಅತ್ತು, ಮೂರನೇ ನಿಮಿಷಕ್ಕೆ ಕನ್ನಡಿ ಮುಂದೆ ನಾಲಿಗೆ ತೂರಿಸೋಕೆ ಶುರುಮಾಡಿದ್ಲು. "ಮಾಮಾ, ಇದನ್ನ ಏನ್ ಮಾಡ್ಬೇಕು?"

ನಾವೇನು ಮಾಡ್ತಿದ್ವಿ ಅಂತ ಹೇಳಿದೆ. ಅಜ್ಜಿ ಒಂದು ಉಂಡೆ ಸಗಣಿ ತಂದು, ಅದರೊಳಗೆ ಹಲ್ಲಿಟ್ಟು, ಹಂಚಿನ ಮೇಲೆ ಎಸಿ ಅನ್ನೋರು. ಜಪಾನಿನಲ್ಲೂ ಕೆಳಗಿನ ಹಲ್ಲನ್ನ ಸೂರಿನ ಮೇಲೆ ಎಸೀತಾರಂತೆ, ಮೇಲಿನದನ್ನ ನೆಲದ ಕೆಳಗೆ, ಹೊಸದು ಆ ದಿಕ್ಕಿಗೆ ನೆಟ್ಟಗೆ ಬೆಳೀಲಿ ಅಂತ. ಸ್ಪೇನಿನಲ್ಲಿ ದಿಂಬಿನ ಕೆಳಗಿಟ್ಟರೆ ಪೆರೆಸ್ ಅನ್ನೋ ಇಲಿ ಬಂದು ಒಯ್ಯುತ್ತೆ. ಇದನ್ನೆಲ್ಲ ಕೇಳಿ ಅವಳು ಹಂಚನ್ನೇ ಆರಿಸಿದ್ಲು. ಅಕ್ಕ ಇರೋದು ಬೆಂಗಳೂರಲ್ಲಿ, ಏಳನೇ ಮಹಡಿ. ಮೇಲೆ ಇನ್ನೂ ಐದು ಮಹಡಿ. ಭಾವ ಸಗಣಿಯ ಪ್ರಶ್ನೆಗೆ ಬೆರಣಿ ಆನ್‌ಲೈನಲ್ಲಿ ಸಿಗುತ್ತೆ ಅಂದ್ರು, ಹಂಚಿನ ಪ್ರಶ್ನೆಗೆ ಅವರ ಹತ್ರನೂ ಉತ್ತರ ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿದ್ವಿ. ಊರಲ್ಲಿ ಮನೆ ಮೇಲೆ ಮೋಲ್ಡ್ ಹಾಕಿಸಿ ಆಗಿದೆ, ಆದ್ರೆ ಕೊಟ್ಟಿಗೆ ಮೇಲೆ ಹಂಚು ಇನ್ನೂ ಇದೆ, ದಸರಾ ರಜಕ್ಕೆ ಬರೋವಾಗ ತನ್ನಿ, ಅಲ್ಲೀತನಕ ಜೋಪಾನ ಅಂದ್ಲು.

ಹಲ್ಲು ಈಗ ಓಲೆ ಬಂದಿದ್ದ ಪುಟ್ಟ ಕೆಂಪು ಡಬ್ಬಿಯಲ್ಲಿ, ಫ್ರಿಜ್ಜಿನ ಮೇಲಿದೆ. ಡಬ್ಬಿ ಮೇಲೆ ಅಕ್ಕ ಸ್ಕೆಚ್ ಪೆನ್ನಲ್ಲಿ 'ಬಿಸಾಕಬೇಡಿ' ಅಂತ ಬರೆದಿಟ್ಟಿದಾಳೆ.